ಯಜಮಾನ್ರ ಬೆನ್ನು

ಹಿತ್ತಾಳೆ ತಟ್ಟೆಗೆ ಉಗುರುಬೆಚ್ಚಗಿನ ನೀರು ಹಾಕಿ, ಬೆರಳು ಅದ್ದಿ ನೋಡಿ, ಗೂಡಿನ ಗಾಜಿನ ಬಾಗಿಲು ಸರಿಸಿ ಆಮೆಮರಿಯನ್ನು ಎತ್ತಿ ನೀರಿಗಿಟ್ಟೆ. ನೀರು ಅದರ ಗಲ್ಲದ ತನಕ ಬಂತು. ಕತ್ತು ಚಾಚಿ ನಾಲ್ಕು ಗುಟುಕು ಕುಡಿಯಿತು. ಕಾಲು ಬಡಿಯುವುದು ನಿಲ್ಲುವವರೆಗೆ ಕಾದು, ಹಳೆಯ ಪಂಚೆ ತುಂಡಿನಿಂದ ಹೊಟ್ಟೆ, ಬಾಲ, ಕಾಲಿನ ಸಂದುಗಳನ್ನು ಒರೆಸಿದೆ. ಕೊನೆಗೆ ಬೆನ್ನು ಒರೆಸುವ ನೆಪದಲ್ಲಿ ಹೆಬ್ಬೆರಳಿನಿಂದ ಚಿಪ್ಪನ್ನು ಮೆಲ್ಲಗೆ ಒತ್ತಿದೆ. ಒಳಗೆ ಹೋಯಿತು. ಬೆರಳು ತೆಗೆದ ಮೇಲೆ ನಿಧಾನವಾಗಿ ಮೇಲೆ ಬಂತು. ಅತ್ತೆ ಒಲೆ ಮುಂದೆ ನಿಂತು ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು. ಇಬ್ಬರೂ ಒಟ್ಟಿಗೇ ತಲೆಯೆತ್ತಿ ಸೂರು ನೋಡಿದೆವು. ಒಲೆಯ ನೇರಕ್ಕೆ ಅದು ನಿನ್ನೆಗಿಂತ ಒಂದು ಬೆರಳು ಕೆಳಗೆ ಜೋತಿತ್ತು.

ನಮ್ಮೂರಲ್ಲಿ ಗೋಡೆ ಕಟ್ಟುವುದು ಗಾರೆಯವರ ಕೆಲಸ, ಸೂರು ಗಟ್ಟಿ ಮಾಡುವುದು ಆಮೆಯ ಕೆಲಸ. ಹೊಸ ಮನೆಗೆ ಸೂರು ಹಾಕಿದ ದಿನವೇ ಆಗತಾನೆ ಮೊಟ್ಟೆಯಿಂದ ಬಂದ ಮರಿಯೊಂದನ್ನು ತಂದು ಮನೆಯೊಳಗೆ ಬಿಡುತ್ತಾರೆ. ಮರಿಯ ಬೆನ್ನು ಹೇಗೋ ಸೂರು ಹಾಗೆ. ಮೊದಲ ಕೆಲವು ತಿಂಗಳು ಎರಡೂ ಮೆತ್ತಗೇ ಇರುತ್ತವೆ, ಅದಕ್ಕೆ ಯಾರೂ ಹೆದರುವುದಿಲ್ಲ. ಸೂರಿನ ಕೆಳಗೆ ಬಿದಿರಿನ ಗಳುಗಳನ್ನು ಆನಿಸಿ, ಅವುಗಳ ನಡುವೆಯೇ ಅಡುಗೆ, ಊಟ, ನಿದ್ದೆ ಎಲ್ಲ ನಡೆಸುತ್ತಾರೆ. ಹೊಸ ಸೂರಿನ ಮೇಲೆ ಹಪ್ಪಳ ಒಣಗಿಸುವ ಹಾಗಿಲ್ಲ. ಕಾಗೆ ಕೂತರೆ ಅದರ ಹೆಜ್ಜೆ ಒಳಗಿನಿಂದಲೂ ಕಾಣುತ್ತದೆ. ಮಕ್ಕಳು ಅಂಗಾತ ಮಲಗಿ, ಇದು ಕಾಗೆ, ಇದು ಪಾರಿವಾಳ, ಇದು ಪಕ್ಕದ ಮನೆಯ ಬೆಕ್ಕು ಎಂದು ಓದುತ್ತಾರೆ. ದವಸದಂಗಡಿಯವರ ಮನೆಯ ಕಥೆ ಬೇರೆ. ಬೇಗ ಬೆಳೆಯಲಿ ಎಂದು ಅವರು ಮರಿಗೆ ದಿನಾ ಬೆಂದ ತೊಗರಿಬೇಳೆ ತಿನ್ನಿಸಿದರು. ಅದು ಬೆಳೆಯಿತು ನಿಜ, ಆದರೆ ಚಿಪ್ಪಿನ ಒಂದೊಂದು ಬಿಲ್ಲೆಯೂ ಗುಡ್ಡದ ಹಾಗೆ ಎದ್ದಿತು. ಅವರ ಸೂರು ಇವತ್ತಿಗೂ ಇಡ್ಲಿ ಬೋರಲು ಹಾಕಿದ ಹಾಗಿದೆ. ಮಳೆ ಬಂದ ಮರುದಿನ ಊರಿನ ಗುಬ್ಬಿಗಳೆಲ್ಲ ಅಲ್ಲಿಗೇ ಸ್ನಾನಕ್ಕೆ ಹೋಗುತ್ತವೆ.

ಮನೆಗೆ ಒಂದು ವರ್ಷ ತುಂಬಿದ ದಿನ ಸೂರೂಟ. ಬೀದಿಯವರೆಲ್ಲ ಆ ಮನೆಯ ಸೂರು ಹತ್ತಿ, ಸಾಲಾಗಿ ಎಲೆ ಹಾಕಿಸಿಕೊಂಡು ಉಣ್ಣಬೇಕು. ಸೂರು ತಡೆದರೆ ಮನೆ ನಿಮ್ಮದು. ತಡೆಯುವ ಲಕ್ಷಣ ಇಲ್ಲದಿದ್ದರೆ ಮನೆ ಬಿಚ್ಚಿ, ಜಾಗವನ್ನು ಸರದಿ ಕಾಯುವವರ ಪಟ್ಟಿಯಲ್ಲಿ ಮುಂದಿನವರಿಗೆ ಕೊಡುತ್ತಾರೆ.

ಈ ಮನೆ ನನ್ನ ಸೋದರತ್ತೆ ತಿಮ್ಮಾಜಮ್ಮನದು. ಮದುವೆಯಾಗದ ಅತ್ತೆ ಮೂವತ್ತು ವರ್ಷ ಬೇರೆಯವರ ಮನೆಗಳಲ್ಲಿ ಅಡುಗೆ ಮಾಡಿಕೊಂಡು, ಅವರ ಅಡುಗೆಮನೆಯ ಮೂಲೆಗಳಲ್ಲೇ ಮಲಗಿದವರು. ಐವತ್ತನಾಲ್ಕನೇ ವಯಸ್ಸಿಗೆ ಅವರ ಸರದಿ ಬಂತು. ಮರಿ ತಂದ ದಿನ ಅದನ್ನು ಅಂಗೈಯಲ್ಲಿಟ್ಟುಕೊಂಡು, “ನೋಡೇ, ಕೊನೆಗೂ ಒಬ್ಬರು ಯಜಮಾನ್ರು ಬಂದ್ರು ನಂಗೆ,” ಎಂದು ನಕ್ಕರು. ಅವತ್ತಿನಿಂದ ಅದು ಯಜಮಾನ್ರು. ಯಜಮಾನ್ರು ಎದ್ರಾ, ಯಜಮಾನ್ರಿಗೆ ತಿಂಡಿ ಆಯ್ತಾ, ಯಜಮಾನ್ರ ಮುಖ ಯಾಕೋ ಸಪ್ಪಗಿದೆ. ಅತ್ತೆ ಮದುವೆಮನೆಗಳ ಅಡುಗೆಗೆ ಹೋದಾಗ ಯಜಮಾನ್ರನ್ನು ನೋಡಿಕೊಳ್ಳಲು ಅಪ್ಪ ನನ್ನನ್ನು ಇಲ್ಲಿ ಬಿಟ್ಟರು. ನಾನು ಹೇಗೂ ಮನೆಯಲ್ಲೇ ಇದ್ದೆ. ಏಳನೇ ತರಗತಿಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗಲೆಲ್ಲ ನನ್ನ ದನಿ ಗಂಟಲಲ್ಲೇ ಉಳಿಯುತ್ತಿತ್ತು. ದಿನಾ ಹೋಗಿ ಮೂಲೆಯಲ್ಲಿ ಕೂತು ಬಂದರೂ ವರ್ಷದ ಕೊನೆಗೆ ಹಾಜರಿ ಸಾಲದು ಅಂದರು. ಮತ್ತೆ ಹೋಗಲಿಲ್ಲ. ಮಾತಾಡದವರಿಗೆ ನೋಡುವುದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ಒಂಬತ್ತು ತಿಂಗಳು ತುಂಬಿದ ವಾರ ಸೂರು ತಟ್ಟುವ ಕೆಂಚಪ್ಪನವರು ಬಂದರು. ಉದ್ದನೆಯ ಬಿದಿರುಕೋಲಿನಿಂದ ಸೂರನ್ನು ಒಳಗಿನಿಂದ ತಟ್ಟಿ, ಸದ್ದು ಕೇಳಿ, ಮನೆ ನಿಲ್ಲುತ್ತದೋ ಇಲ್ಲವೋ ಹೇಳುವುದು ಅವರ ಕೆಲಸ. ನಮ್ಮ ಸೂರಿಗೆ ತಟ್ಟಿದರೆ ಸದ್ದೇ ಬರಲಿಲ್ಲ. ಕೋಲು ಹೂತುಕೊಂಡಿತು. ಅವರು ಎಳೆದರು, ಅದು ಬರಲಿಲ್ಲ.

“ತಿಮ್ಮಾಜಮ್ಮ, ಇನ್ನು ಮೂರೇ ತಿಂಗಳು,” ಎಂದರು ಕೋಲು ಎಳೆಯುತ್ತಲೇ. “ಹಿಂಗೇ ಇದ್ರೆ ಬಿಚ್ಸಿ ಅಂತ ಹೇಳ್ಬೇಕಾಗತ್ತೆ. ಆಮೇಲೆ ನನ್ನ ಬೈಕೋಬೇಡಿ ತಾಯಿ.”

“ಮೊದ್ಲು ನಿಮ್ಮ ಕೋಲು ಬಿಡಿಸ್ಕೊಳ್ಳಿ ಕೆಂಚಪ್ಪನೋರೆ. ಬೈಯೋದು ಆಮೇಲಿರ್ಲಿ.”

“ತಿನ್ನಕ್ಕೆ ಏನು ಹಾಕ್ತೀರಿ ಇದಕ್ಕೆ?”

“ಏನು ಹಾಕಲ್ಲ ಅಂತ ಕೇಳಿ! ಹಾಲಲ್ಲಿ ನೆನೆಸಿದ ಅವಲಕ್ಕಿ. ಬಾಳೆಹಣ್ಣು. ತುಪ್ಪ ಹಾಕಿ ಮೆತ್ತಗೆ ಕಲಸಿದ ಅನ್ನ. ನಿನ್ನೆ ಕೇಸರಿಬಾತು.”

“ನಮ್ಮನೇಲಿ ನಂಗೇ ಇಷ್ಟು ಸಿಗಲ್ಲ,” ಎಂದು ಕೆಂಚಪ್ಪನವರು ಕೊನೆಯ ಸಲ ಜಗ್ಗಿದರು. ಕೋಲು ಬಂತು, ಅವರು ಅಕ್ಕಿಮೂಟೆಯ ಮೇಲೆ ಕೂತರು. ಅತ್ತೆ ನಕ್ಕರು. ಅವರು ಹೋಗುವ ತನಕ ನಕ್ಕರು. ಬಾಗಿಲು ಹಾಕಿದ ಮೇಲೆ ಗಳುವೊಂದನ್ನು ತಬ್ಬಿಕೊಂಡು ನಿಂತರು. “ಮತ್ತೆ ಸರದಿ ಬರೋ ಹೊತ್ತಿಗೆ ನಂಗೆ ಎಪ್ಪತ್ತಾಗಿರತ್ತೆ ಕಣೇ ಚೆಲುವಿ. ಆಗ ಏಣಿ ಹತ್ತಕ್ಕಾಗತ್ತಾ ನಂಗೆ?” ಎಂದರು. ಆಮೇಲೆ ಯಜಮಾನ್ರಿಗೆ ಇನ್ನೊಂದು ಚಮಚ ಕೇಸರಿಬಾತು ಹಾಕಿದರು.

ಮರುದಿನ ಒನಕೆ ವಾಪಸು ಕೊಡಲು ನಾಲ್ಕು ಮನೆ ಆಚೆ ಸಾಕಕ್ಕನ ಮನೆಗೆ ಹೋದೆ. ಅವರ ಗಂಡ ಮರಗೆಲಸದವರು. ಅವರ ಮನೆ ನಮ್ಮದಕ್ಕಿಂತ ಎರಡು ತಿಂಗಳು ಚಿಕ್ಕದು. ಬಾಗಿಲಲ್ಲಿ ಕೂಗಲು ದನಿ ಬಾರದೆ ನಿಂತಿದ್ದಾಗ ತಲೆಯ ಮೇಲಿಂದ, “ಯಾರು, ಚೆಲುವಿನಾ? ಮೇಲೆ ಬಾ,” ಎಂದು ಕೇಳಿಸಿತು. ಸಾಕಕ್ಕ ಸೂರಿನ ಮೇಲೆ ಕೂತು ಕೆಂಪು ಮೆಣಸಿನಕಾಯಿ ಹರಡುತ್ತಿದ್ದರು. ಏಳು ತಿಂಗಳ ಸೂರಿನ ಮೇಲೆ, ಕಾಲು ಚಾಚಿಕೊಂಡು!

ನಾನು ಹತ್ತಲಿಲ್ಲ, ಒಳಗೆ ಹೋಗಿ ಅವರ ಗೂಡು ನೋಡಿದೆ. ಗಾಜು ಇರಲಿಲ್ಲ. ಕೋಳಿಗೂಡಿನ ಹಳೆಯ ತಂತಿಬಲೆ ಹೊಡೆದಿದ್ದರು. ಸಾಕಕ್ಕ ದಡದಡ ಇಳಿದು ಬಂದು ಸೆರಗಿನಿಂದ ಬಲೆ ಮುಚ್ಚಿ ನಿಂತರು.

“ನೋಡಿಬಿಟ್ಯಾ? ನನ್ನ ಮಗಳು ಕುಂಟಬಿಲ್ಲೆ ಆಡ್ತಾ ಬಿಲ್ಲೆ ಎಸೆದು ಒಡೆದಾಕಿದ್ಲು ಕಣಮ್ಮ, ನಾಲ್ಕು ತಿಂಗ್ಳಾಯ್ತು. ಬಡಗಿ ಮನೇಲಿ ಗೂಡು ಮುರಿದಿದೆ ಅಂದ್ರೆ ನಗ್ತಾರೆ. ಯಾರ ಹತ್ರಾನೂ ಹೇಳ್ಬೇಡ.”

ಆಮೇಲೆ ನನ್ನ ಮುಖ ನೋಡಿ ಅವರೇ ನಕ್ಕರು. “ನಿಂಗೆ ಹೇಳೋದೇನು ಬಂತು. ನೀನು ಹೇಳಿದ್ರೆ ತಾನೆ!”

ಆ ವಾರ ನಾನು ಏನಾದರೊಂದು ನೆಪ ಮಾಡಿಕೊಂಡು ದಿನಾ ಸಾಕಕ್ಕನ ಮನೆಗೆ ಹೋದೆ. ಸಾರಿನಪುಡಿ ಕೊಡಲು, ಜರಡಿ ಕೇಳಲು. ಬೆಳಗಿನ ಬಿಸಿಲು ಬಲೆಯ ಮೂಲಕ ಬಿದ್ದಾಗ ಅವರ ಮರಿ ನಾಲ್ಕೂ ಕಾಲು ಹಿಂದಕ್ಕೆ ಚಾಚಿ, ಕತ್ತು ನೆಲಕ್ಕೆ ಒರಗಿಸಿ ಬಿದ್ದುಕೊಳ್ಳುತ್ತಿತ್ತು. ಸಾಕಾದಾಗ ತಾನೇ ಎದ್ದು ಮಡಕೆಚೂರಿನ ನೆರಳಿಗೆ ಹೋಗುತ್ತಿತ್ತು. ಸಾಕಕ್ಕನ ಮಗಳು ಬೇಲಿಯಿಂದ ದಾಸವಾಳದ ಎಲೆ, ಗರಿಕೆ, ನುಗ್ಗೆಸೊಪ್ಪು ಕಿತ್ತು ಹಾಕುತ್ತಿದ್ದಳು. ಮನೆಯಲ್ಲಿ ತಿಂದ ಮೊಟ್ಟೆಯ ಸಿಪ್ಪೆಯನ್ನೂ ಅದು ಕರುಂ ಕರುಂ ಎಂದು ಕಡಿಯುತ್ತಿತ್ತು. ಅದು ಯಜಮಾನ್ರಿಗಿಂತ ಚಿಕ್ಕದು. ಬೆನ್ನು ಮುಟ್ಟಿದರೆ ಮಾತ್ರ ತೆಂಗಿನ ಕರಟ.

ಸೊಪ್ಪು ಸರಿ. ಆದರೆ ನನಗೆ ಗಾಜಿನ ಮೇಲೇ ಕಣ್ಣು ಹೋಯಿತು. ನಾನು ಚಿಕ್ಕವಳಿದ್ದಾಗ ಗೂಡುಗಳಿಗೆ ಮರದ ಜಾಲಂದ್ರ ಇರುತ್ತಿತ್ತು. ಆಮೇಲೆ ಗಾಜಿನವನೊಬ್ಬ ಊರಿಗೆ ಬಂದ. ಇರುವೆ ಬರಲ್ಲ, ಕಾಗೆ ಬರಲ್ಲ, ಬೀದಿಗೂ ಕಾಣುತ್ತೆ, ಒಳಗೆ ಬೆಚ್ಚಗಿರುತ್ತೆ ಎಂದು ಹೊಸ ಮನೆಯವರೆಲ್ಲ ಪೂರ್ವದ ಗೋಡೆಗೆ ಗಾಜಿನ ಗೂಡು ಇಡಿಸಿದರು. ಅಲ್ಲಿಂದೀಚೆಗೆ ಮೂರು ಮನೆ ಬಿಚ್ಚಿದ್ದಾರೆ. ಒಬ್ಬರು ಮರಳು ಸರಿಯಿಲ್ಲ ಅಂದರು, ಒಬ್ಬರು ಗಾರೆಯವನನ್ನು ಬೈದರು, ಒಬ್ಬರಿಗೆ ದೃಷ್ಟಿಯಾಗಿತ್ತಂತೆ. ನಾನು ಸಂತೆಗೆ ಹೋಗುವಾಗ ಒಂದೊಂದೇ ಮನೆ ನೋಡಿಕೊಂಡು ನಡೆದೆ. ಜಾಲಂದ್ರದ ಮನೆಗಳ ಮೇಲೆ ಹಾಸಿಗೆ ಒಣಗುತ್ತಿದ್ದವು. ಗಾಜಿನ ಹೊಸ ಮನೆಗಳ ಒಳಗೆ ಗಳುಗಳ ಕಾಡು. ಗಾಜು ಬಿಸಿಲಿನ ಬೆಳಕು ಬಿಡುತ್ತದೆ, ಬಿಸಿ ಬಿಡುತ್ತದೆ, ಇನ್ನೇನನ್ನೋ ಬಿಡುವುದಿಲ್ಲ. ಅದೇನೆಂದು ನನಗೆ ಗೊತ್ತಿಲ್ಲ. ಎಂಟನೇ ತರಗತಿಯಲ್ಲಿ ಹೇಳಿಕೊಡುತ್ತಿದ್ದರೋ ಏನೋ.

ಇದನ್ನು ಅತ್ತೆಗೆ ಹೇಳಬೇಕಿತ್ತು. ಮೂರು ದಿನ ಬಾಯಿ ತೆರೆದೆ, ಮೂರು ದಿನವೂ “ಉಪ್ಪು ಕೊಡಲಾ” ಎಂದು ಕೇಳಿ ಸುಮ್ಮನಾದೆ. ಆ ಗಾಜನ್ನು ಅತ್ತೆ ದಿನಾ ತಾವೇ ಒರೆಸುತ್ತಿದ್ದರು, ನನ್ನ ಕೈಗೂ ಕೊಡುತ್ತಿರಲಿಲ್ಲ. ನಾಲ್ಕನೇ ದಿನ ಅವರು ಮದುವೆಮನೆಗೆ ಹೊರಟ ಮೇಲೆ ನಾನು ಯಜಮಾನ್ರನ್ನು ಹಿತ್ತಿಲಿಗೆ ಒಯ್ದೆ. ಗರಿಕೆಯ ಮೇಲೆ ಬಿಟ್ಟು, ಬಿದಿರಿನ ಕೋಳಿಬುಟ್ಟಿ ಬೋರಲು ಹಾಕಿ, ನೆರಳಿಗೆಂದು ಅರ್ಧ ಭಾಗಕ್ಕೆ ಒದ್ದೆ ಗೋಣಿ ಹೊದಿಸಿ, ಕಾಗೆ ಕಾಯುತ್ತ ಪಕ್ಕದಲ್ಲೇ ಕೂತೆ. ದಾಸವಾಳದ ಎಲೆ ಇಟ್ಟರೆ ಯಜಮಾನ್ರು ಮುಖ ತಿರುಗಿಸಿದರು. ಕೇಸರಿಬಾತಿನ ನಾಲಿಗೆ! ಎರಡು ದಿನ ಹಸಿವು ತಡೆದರು, ಮೂರನೇ ದಿನ ಒಂದು ಎಲೆಯ ಅಂಚು ಕಚ್ಚಿದರು. ಆಮೇಲೆ ನಾನು ತರುವಷ್ಟೂ ಸಾಲದಾಯಿತು.

ಅತ್ತೆ ಇಟ್ಟು ಹೋದ ತುಪ್ಪದ ಅನ್ನ, ಬಾಳೆಹಣ್ಣು, ಹಾಲಿನ ಅವಲಕ್ಕಿ ಎಸೆಯಲು ಮನಸ್ಸು ಬಾರದೆ ನಾನೇ ತಿನ್ನುತ್ತಿದ್ದೆ. ಒಂದು ತಿಂಗಳಾಗುವಾಗ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ತಟ್ಟೆ ಖಾಲಿ ಮಾಡೋರು ಯಜಮಾನ್ರು, ಊದ್ತಾ ಇರೋಳು ನೀನು. ಏನೇ ಇದು?” ಎಂದರು. ನಾನು ನೆಲ ಒರೆಸಲು ಕೂತೆ.

ಸಿಕ್ಕಿಬಿದ್ದದ್ದು ಒಂದು ಗುರುವಾರ. ಮದುವೆಮನೆಯಲ್ಲಿ ಕೆಲಸ ಬೇಗ ಮುಗಿದು ಅತ್ತೆ ಹತ್ತು ಗಂಟೆಗೇ ಬಂದರು. ಖಾಲಿ ಗೂಡು ನೋಡಿ ಅವರು ಕೂಗಿದ ಕೂಗಿಗೆ ಸಾಕಕ್ಕ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದರು. ನಾನು ಹಿತ್ತಿಲ ಬಾಗಿಲಿಗೆ ಬಂದು ಬೆರಳು ತೋರಿಸಿದೆ. ಅತ್ತೆ ಬುಟ್ಟಿ ಎತ್ತಿದರು. ಯಜಮಾನ್ರು ಬಿಸಿಲಿನಲ್ಲಿ ನಾಲ್ಕೂ ಕಾಲು ಚಾಚಿ, ಕಣ್ಣು ಮುಚ್ಚಿ, ಕತ್ತು ಒರಗಿಸಿ ಬಿದ್ದಿದ್ದರು.

“ಅಯ್ಯೋ! ಹೋಗಿಬಿಟ್ರಲ್ಲೇ! ಬಿಸಿಲಿಗೆ ಹಾಕಿ ಕೊಂದುಬಿಟ್ಯಲ್ಲೇ!” ಅತ್ತೆ ಗರಿಕೆಯ ಮೇಲೇ ಕುಸಿದು ಕೂತರು.

ಯಜಮಾನ್ರು ಒಂದು ಕಣ್ಣು ತೆರೆದರು. ಬಾಯಿ ಅಗಲಿಸಿ ಆಕಳಿಸಿದರು. ಮತ್ತೆ ಮಲಗಿದರು.

ಸಾಕಕ್ಕ ಹಿಟ್ಟಿನ ಕೈ ಬಾಯಿಗಿಟ್ಟುಕೊಂಡು ನಕ್ಕರು. ಅತ್ತೆ ನಗಲಿಲ್ಲ. “ಯಾಕೆ ಹೀಗೆ ಮಾಡಿದೆ? ಹೇಳು,” ಎಂದರು. ಎತ್ತಿದ ಬುಟ್ಟಿಯನ್ನು ಇನ್ನೂ ಎದೆಗೆ ಅವಚಿಕೊಂಡಿದ್ದರು. ಅದನ್ನು ನೋಡಿಯೇ ನನಗೆ ದನಿ ಬಂತು. ಗಾಜು, ಜಾಲಂದ್ರ, ಬಿಚ್ಚಿದ ಮೂರು ಮನೆ, ದಾಸವಾಳದ ಎಲೆ, ಮೊಟ್ಟೆಸಿಪ್ಪೆ, ಎಲ್ಲವನ್ನೂ ಒಂದರ ಮೇಲೊಂದು ಹೇಳಿದೆ. ತುಪ್ಪದ ಅನ್ನ ತಿಂದವಳು ನಾನೇ ಎಂದೂ ಹೇಳಿದೆ. ಸಾಕಕ್ಕನ ಗಾಜು ಒಡೆದದ್ದನ್ನೂ ಹೇಳಿಬಿಟ್ಟೆ. “ಇಷ್ಟು ದಿನ ಇದೆಲ್ಲ ಎಲ್ಲಿ ಇಟ್ಕೊಂಡಿದ್ದೆ ಮಾರಾಯ್ತಿ?” ಎಂದರು ಸಾಕಕ್ಕ.

ಅತ್ತೆ ಯಜಮಾನ್ರನ್ನು ಮಡಿಲಿಗೆ ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದರು. ಇನ್ನೊಮ್ಮೆ ಒತ್ತಿದರು. ಎದ್ದು ಒಳಗೆ ಹೋದರು. ನಾವಿಬ್ಬರೂ ಹಿಂದೆ ಹೋದೆವು. ಅವರು ಒಲೆಯ ಮುಂದೆ ನಿಂತು ಕೈ ಮೇಲೆತ್ತಿದರು. ತಿಂಗಳ ಹಿಂದೆ ಅಂಗೈಗೆ ತಾಗುತ್ತಿದ್ದ ಸೂರು ಈಗ ಬೆರಳ ತುದಿಗೂ ಸಿಗಲಿಲ್ಲ. ಅವರು ತುದಿಗಾಲಲ್ಲಿ ನಿಂತರು, ಆಗಲೂ ಸಿಗಲಿಲ್ಲ. ಸೂರು ಮುಟ್ಟಲಾಗದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ಅವತ್ತೇ ಸಾಕಕ್ಕನ ಗಂಡನನ್ನು ಕರೆಸಿ ಗಾಜು ಬಿಚ್ಚಿಸಿ ಜಾಲಂದ್ರ ಹಾಕಿಸಿದರು. ಆ ಗಾಜಿನ ಮೇಲೆ ಈಗ ಚಪಾತಿ ಲಟ್ಟಿಸುತ್ತೇವೆ, ಅಂಟುವುದೇ ಇಲ್ಲ. ಬೀದಿಯಲ್ಲಿ ಗಲಾಟೆಯೇ ಆಯಿತು. ಕೆಂಚಪ್ಪನವರು ಬಂದು, “ಕಾಗೆ ಎತ್ಕೊಂಡು ಹೋದ್ರೆ ಏನು ಮಾಡ್ತೀರಿ?” ಎಂದರು. “ಜಾಲಂದ್ರದ ಸಂದೀಲಿ ಕಾಗೆ ನುಗ್ಗಕ್ಕಾಗತ್ತಾ? ನಿಮ್ಮ ಮೂಗೂ ನುಗ್ಗಲ್ಲ, ಬೇಕಾದ್ರೆ ಇಟ್ಟು ನೋಡಿ,” ಎಂದರು ಅತ್ತೆ. ಮೊಟ್ಟೆ ಮುಟ್ಟದ ಅತ್ತೆ ಸಾಕಕ್ಕನ ಮನೆಯ ಸಿಪ್ಪೆಯನ್ನು ಇಕ್ಕಳದಲ್ಲಿ ಹಿಡಿದು ತಂದು, ಮುಖ ಆಚೆ ತಿರುಗಿಸಿಕೊಂಡು ಕುಟ್ಟಿ ಪುಡಿ ಮಾಡಿ ಸೊಪ್ಪಿನ ಮೇಲೆ ಉದುರಿಸುತ್ತಿದ್ದರು. ಸಿಹಿ ನಿಲ್ಲಿಸಲು ಮಾತ್ರ ಅವರಿಗೆ ಕಷ್ಟವಾಯಿತು. ಯಜಮಾನ್ರು ಬೆಳೆಯುತ್ತಿಲ್ಲ, ಸೊರಗಿದ್ದಾರೆ ಎಂದು ದಿನಾ ತಕರಾರು. ನಾನು ಅತ್ತೆಯನ್ನು ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ ದವಸದಂಗಡಿಯವರ ಸೂರು ತೋರಿಸುತ್ತಿದ್ದೆ. “ಸರಿ ಬಿಡು, ನಿಧಾನಕ್ಕೇ ಬೆಳೀಲಿ,” ಎಂದು ತಿರುಗಿ ಬರುತ್ತಿದ್ದರು.

ಗಳುಗಳನ್ನು ವಾರಕ್ಕೆ ಎರಡರಂತೆ ತೆಗೆದೆವು. ಕೊನೆಯ ಗಳು ತೆಗೆದ ದಿನ ಅತ್ತೆ ಮನೆಯ ಈ ಗೋಡೆಯಿಂದ ಆ ಗೋಡೆಗೆ, ಏನೂ ಅಡ್ಡ ಬಾರದೆ, ಸುಮ್ಮನೆ ಹತ್ತು ಸಲ ಓಡಾಡಿದರು.

ಸೂರೂಟದ ದಿನ ಬೆಳಿಗ್ಗೆ ಕೆಂಚಪ್ಪನವರು ಕೋಲು ತಂದು ತಟ್ಟಿದರು. ಚೆನ್ನಾಗಿ ಸುಟ್ಟ ಗಡಿಗೆಯ ಹಾಗೆ ಠಣ್ ಎಂದಿತು. ಇನ್ನೊಂದು ಮೂಲೆ, ಠಣ್. ಅವರು ಕೋಲನ್ನು ಗೋಡೆಗೆ ಒರಗಿಸಿದರು. ಆದರೆ ತಟ್ಟಿದವರೇ ಮೊದಲು ಹತ್ತಿ ನಡುಮಧ್ಯದಲ್ಲಿ ಕೂರಬೇಕು. ಕೆಂಚಪ್ಪನವರು ಏಣಿಯ ಎರಡನೇ ಮೆಟ್ಟಿಲಲ್ಲಿ ನಿಂತುಬಿಟ್ಟರು. ಇಪ್ಪತ್ತರ ವಯಸ್ಸಿನಲ್ಲಿ ಅವರು ಯಾರದೋ ಸೂರಿನಿಂದ ಸೀದಾ ಸಾರಿನ ಕೊಳಗದೊಳಗೆ ಬಿದ್ದದ್ದು ಊರಿಗೆಲ್ಲ ಗೊತ್ತು.

“ಹತ್ತಿ ಹತ್ತಿ,” ಎಂದು ಸಾಕಕ್ಕ ಕೆಳಗಿನಿಂದ ಕೂಗಿದರು. “ಸಾರಿನ ಪಾತ್ರೆ ಆಚೆ ಸರಿಸಿದೀವಿ!”

“ನಗ್ರವ್ವ, ನಗ್ರಿ,” ಎಂದು ಅವರು ಹತ್ತಿದರು. ಒಂದು ಪಾದ ಇಟ್ಟರು. ಇನ್ನೊಂದು ಇಟ್ಟರು. ಅತ್ತೆ ನನ್ನ ಮುಂಗೈ ಹಿಡಿದಿದ್ದರು, ಬಳೆ ಒತ್ತಿ ನೋಯುತ್ತಿತ್ತು. ಕೆಂಚಪ್ಪನವರು ನಡುಮಧ್ಯಕ್ಕೆ ಹೋಗಿ, ಪಂಚೆ ಸರಿಮಾಡಿಕೊಂಡು, ದೊಪ್ಪನೆ ಕೂತರು. ಏನೂ ಆಗಲಿಲ್ಲ. ಅವರು ಕೂತಲ್ಲೇ ಒಮ್ಮೆ ಕುಪ್ಪಳಿಸಿದರು. ಆಗಲೂ ಏನೂ ಆಗಲಿಲ್ಲ. “ಎಲೆ ಹಾಕ್ರಿ!” ಎಂದರು.

ನಲವತ್ತೆರಡು ಜನ ಹತ್ತಿದರು. ಅಡುಗೆ ಪೂರ್ತಿ ಅತ್ತೆಯದೇ. ಇಷ್ಟು ವರ್ಷ ಬೇರೆಯವರ ಮನೆಗೆ ಮಾಡಿದ ಹುಳಿ, ಕೋಸಂಬರಿ, ಒಬ್ಬಟ್ಟು, ಎಲ್ಲವನ್ನೂ ಅವತ್ತು ತಮ್ಮ ಮನೆಗೆ ಮಾಡಿದರು. ನಾನು ಏಣಿಯಲ್ಲಿ ಹತ್ತಿ ಇಳಿದು ಬಕೆಟ್ಟು ಸಾಗಿಸಿದೆ. ಯಜಮಾನ್ರು ಗೂಡಿನಲ್ಲಿ ನುಗ್ಗೆಸೊಪ್ಪು ತಿನ್ನುತ್ತಿದ್ದರು. ತಮ್ಮ ಬೆನ್ನ ಮೇಲೆ ಒಂದು ಬೀದಿಯೇ ಕೂತು ಉಣ್ಣುತ್ತಿದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಸಾಕಕ್ಕ ನಾಲ್ಕನೇ ಒಬ್ಬಟ್ಟು ಹಾಕಿಸಿಕೊಂಡು, “ಚೆಲುವಿ, ನಮ್ಮ ಗಾಜಿನ ವಿಷಯ ನೀನು ಬಾಯಿಬಿಟ್ಟಿದ್ದು ಒಳ್ಳೇದೇ ಆಯ್ತು ಬಿಡು. ಈಗ ಏಳು ಮನೆಗೆ ನಮ್ಮ ಮನೆಯವರೇ ಜಾಲಂದ್ರ ಮಾಡ್ತಿದಾರೆ,” ಎಂದರು. ದವಸದಂಗಡಿಯ ಅಜ್ಜಿ ಸೂರು ಸವರಿ, “ಎಷ್ಟು ಸಮ ಇದೆ ನೋಡು, ನಮ್ಮನೇಲಿ ಮಜ್ಜಿಗೆಲೋಟ ನಿಲ್ಲಲ್ಲ,” ಎಂದರು. ಅತ್ತೆ ಕೊನೆಯ ಪಂಕ್ತಿಗೆ ಕೂತರು. ಅವರಿಗೆ ನಾನೇ ಬಡಿಸಿದೆ. ಮೊದಲ ತುತ್ತು ಕೈಯಲ್ಲಿ ಹಿಡಿದು ಸುತ್ತ ನೋಡಿದರು, ನಮ್ಮ ಬೀದಿ, ಅದರಾಚೆ ಕೆರೆ, ಅದರಾಚೆ ಬಯಲು. “ಇಲ್ಲಿಂದ ಎಲ್ಲ ಕಾಣತ್ತೆ ಕಣೇ,” ಎಂದರು.

ಊಟ ಮುಗಿದು ಎಲೆಯಡಿಕೆ ಆಯಿತು. ಚಳಿಗಾಲದ ಮಧ್ಯಾಹ್ನದ ಬಿಸಿಲಿಗೆ ಸೂರು ಹದವಾಗಿ ಬೆಚ್ಚಗಾಗಿತ್ತು. ಯಾರಿಗೂ ಇಳಿಯುವ ಮನಸ್ಸಿರಲಿಲ್ಲ. ಮೊದಲು ಕೆಂಚಪ್ಪನವರು ಟವೆಲ್ಲು ತಲೆಗಿಟ್ಟು ಅಡ್ಡಾದರು, ಸ್ವಲ್ಪ ಹೊತ್ತಿಗೆ ಬಾಯಿ ತೆರೆದು ಗೊರಕೆ ಶುರುಮಾಡಿದರು. ಅವರ ಪಕ್ಕ ಒಬ್ಬೊಬ್ಬರೇ ಒರಗಿದರು. ಸಾಕಕ್ಕ ಮಗಳ ಹೊಟ್ಟೆಯ ಮೇಲೆ ಕೈಹಾಕಿ ಮಲಗಿದರು. ಹಗಲು ಒಂದು ದಿನವೂ ಕಣ್ಣು ಮುಚ್ಚದ ಅತ್ತೆ, ಎರಡೂ ಕೈ ಅಗಲಿಸಿ, ಕಾಲು ಚಾಚಿ, ಬಿಸಿಲಿಗೆ ಮುಖ ಕೊಟ್ಟು ಮಲಗಿಬಿಟ್ಟಿದ್ದರು.

ನಾನು ಕೆಳಗೆ ಎಲೆಗಳನ್ನು ಹಸುವಿಗೆ ಹಾಕಿ, ಪಾತ್ರೆಗಳಿಗೆ ನೀರು ಬಿಟ್ಟು, ಕೈ ತೊಳೆದುಕೊಂಡು ಏಣಿ ಹತ್ತಿ ಬಂದೆ. ಕಾಲಿಡಲೂ ಜಾಗವಿರಲಿಲ್ಲ. ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದೆ.

“ಸ್ವಲ್ಪ ಸರಿದು ಮಲಗಿ, ನಂಗೂ ಒಂಚೂರು ಜಾಗ ಬಿಡಿ.”